ದೇವಾರಾಧನೆಯ ಪುಸ್ತಕವೂ ನಾಳೆಯೆಂಬ ಅಡ್ಡಿಯೂ

ನಮ್ಮ ಕನ್ನಡನಾಡಿನ ಹಳ್ಳಿಗಳಲ್ಲಿ ಮನೆಯ ಬಾಗಿಲಿನ ಮೇಲೆ “ನಾಳೆ ಬಾ” ಎಂದು ಬರೆಯುವ ವಾಡಿಕೆಯೊಂದಿದ್ದುದನ್ನು ಹಿರಿಯರಾದ ಓದುಗರು ಬಲ್ಲರು. ಇರುಳಿನಲ್ಲಿ ಮನೆಮನೆಯ ಕದ ತಟ್ಟುವ ಮಾರಿಯು ಆ ಬರಹವನ್ನು ಓದಿ ಹಿಂದಿರುಗುವಳೆಂದೂ, ಮರುದಿನ ಬಂದಾಗ ಮತ್ತೆ ಅದನ್ನೇ ಓದಿ ಮತ್ತೆ ಹೊರಟುಹೋಗುವಳೆಂದೂ, ಹೀಗೆ ಆ ನಾಳೆಯು ಎಂದಿಗೂ ಬಾರದೆಂದೂ ಜನರು ನಂಬಿದ್ದರು. ಇದನ್ನು ಕೇಳಿ ನಾವು ನಗುತ್ತೇವೆ. ಆದರೆ ಓದುಬರಹ ಬಲ್ಲ ನಮ್ಮಲ್ಲಿ ಅನೇಕರು ನಮ್ಮ ಹೃದಯದ ಬಾಗಿಲಿಗೆ ಇದೇ ಎರಡು ಮಾತುಗಳನ್ನು ಬರೆದಿಟ್ಟಿದ್ದೇವೆ. ಅದನ್ನು ಓದಿ ಹಿಂದಿರುಗುವದು ನಮ್ಮನ್ನು ಹುಡುಕಿಕೊಂಡು ಬಂದ ಒಳ್ಳೆಯ ಆಲೋಚನೆಯೇ.

ನನ್ನ ಸಂಗತಿಯನ್ನೇ ಮೊದಲು ಹೇಳಿಬಿಡುತ್ತೇನೆ. ಮನೆಯಲ್ಲಿ ನಡೆಯುವ ದೇವಾರಾಧನೆಯನ್ನು ಕುರಿತು ಒಂದು ಚಿಕ್ಕ ಪುಸ್ತಕವನ್ನು ಬರೆಯಬೇಕೆಂಬ ಇಚ್ಛೆಯು ಈ ಶಾಲೆಯನ್ನು ಬಿಟ್ಟ ಕೆಲವು ವರುಷಗಳಲ್ಲಿಯೇ ನನ್ನಲ್ಲಿ ಹುಟ್ಟಿತು. ನನ್ನ ತಾಯಿಯವರು ಹೆಚ್ಚು ಓದಿದವರಲ್ಲ. ಆದರೆ ಪ್ರತಿ ಸಂಜೆ ಊಟಕ್ಕೆ ಮುಂಚೆ ನಮ್ಮನ್ನೆಲ್ಲ ಕೂರಿಸಿಕೊಂಡು, ಯಾವ ಪುಸ್ತಕದಲ್ಲಿಯೂ ಇಲ್ಲದ ತಮ್ಮದೇ ಮಾತುಗಳಿಂದ ಪ್ರಾರ್ಥಿಸುತ್ತಿದ್ದರು. ಆ ದಿನ ಬಾವಿಯಲ್ಲಿ ನೀರು ಕಡಿಮೆಯಾದದ್ದು, ನೆರೆಮನೆಯ ಕೂಸಿಗೆ ಜ್ವರ ಬಂದದ್ದು, ನನ್ನ ತಮ್ಮನು ಸುಳ್ಳು ಹೇಳಿದ್ದು, ಇವೆಲ್ಲವೂ ಅವರ ಪ್ರಾರ್ಥನೆಯಲ್ಲಿ ಬರುತ್ತಿದ್ದವು. ಆ ಮಾತುಗಳೇ ನನ್ನ ಪುಸ್ತಕದ ತಿರುಳಾಗಬೇಕೆಂದು ನಾನು ನಿಶ್ಚಯಿಸಿದ್ದೆನು. ಒಳ್ಳೆಯ ಕಾಗದದ ಪುಸ್ತಕವೊಂದನ್ನು ಕೊಂಡು, ಮೊದಲನೆಯ ಪುಟದಲ್ಲಿ ಹೆಸರನ್ನೂ, ಎರಡನೆಯ ಪುಟದಲ್ಲಿ ಹನ್ನೆರಡು ಅಧ್ಯಾಯಗಳ ಪಟ್ಟಿಯನ್ನೂ ಬರೆದೆನು. ಮೂರನೆಯ ಪುಟವು ಬಹಳ ವರುಷ ಬರಿದಾಗಿಯೇ ಉಳಿಯಿತು. ಆ ನಡುವೆ ತಾಯಿಯವರು ಕರ್ತನಲ್ಲಿ ನಿದ್ರೆಹೋದರು. ಅವರ ಮಾತುಗಳಲ್ಲಿ ಬಹುಪಾಲು ಅವರ ಸಂಗಡಲೇ ಹೋದವು.

ಆದಕಾರಣ ಈ ಲೇಖನವು ಗೆದ್ದವಳ ಉಪದೇಶವಲ್ಲ. ಒಳ್ಳೆಯ ಪುಸ್ತಕವನ್ನು ಬರೆಯಬೇಕೆಂಬ ಮನಸ್ಸುಳ್ಳವರೂ ಏಕೆ ತಡಮಾಡುತ್ತಾರೆಂಬದನ್ನೂ, ಆ ತಡವನ್ನು ದಾಟುವ ಬಗೆ ಯಾವದೆಂಬದನ್ನೂ ವಿಚಾರಿಸುವದೇ ಇದರ ಉದ್ದೇಶ. ಇದಕ್ಕೆ ಇಂಗ್ಲೆಂಡಿನ ಒಬ್ಬ ದೊಡ್ಡ ಪಂಡಿತನ ಜೀವನವು ನನಗೆ ತುಂಬ ಸಹಾಯ ಮಾಡಿತು.

ಆತನು ಸಾಮ್ಯುಯೆಲ್ ಜಾನ್ಸನ್. 1709ರಲ್ಲಿ ಹುಟ್ಟಿ 1784ರಲ್ಲಿ ತೀರಿಕೊಂಡವನು. ಕನ್ನಡಿಗರಿಗೆ 1894ರಲ್ಲಿ ಮಂಗಳೂರಿನಿಂದ ಹೊರಟ ಕಿಟ್ಟೆಲರ ನಿಘಂಟು ಹೇಗೋ, ಇಂಗ್ಲಿಷರಿಗೆ 1755ರಲ್ಲಿ ಹೊರಟ ಜಾನ್ಸನನ ನಿಘಂಟು ಹಾಗೆ. ನಾಲ್ವತ್ತು ಸಾವಿರಕ್ಕೂ ಹೆಚ್ಚು ಶಬ್ದಗಳನ್ನು ಕೆಲವೇ ಮಂದಿ ಬರಹಗಾರರ ನೆರವಿನಿಂದ ಕೂಡಿಸಿದ ಇಂಥವನನ್ನು ಯಾರೂ ಸೋಮಾರಿಯೆಂದು ಕರೆಯಲಾರರು. ಆದರೂ ತಾನು ಸೋಮಾರಿಯೆಂದು ಆತನು ತನ್ನ ದಿನಚರಿಯಲ್ಲಿ ವರುಷವರುಷವೂ ಕಣ್ಣೀರಿನಿಂದ ಬರೆದುಕೊಂಡನು. ಮೂರು ವರುಷಗಳಲ್ಲಿ ಮುಗಿಸುವೆನೆಂದ ನಿಘಂಟಿಗೆ ಒಂಬತ್ತು ವರುಷ ಹಿಡಿಯಿತು. ಷೇಕ್ಸ್‌ಪಿಯರನ ನಾಟಕಗಳನ್ನು ಪರಿಷ್ಕರಿಸಿ ಕೊಡುವೆನೆಂದು 1756ರಲ್ಲಿ ಪ್ರಕಟನೆ ಹೊರಡಿಸಿ, ಚಂದಾದಾರರಿಂದ ಹಣವನ್ನೂ ಪಡೆದನು. ಮರುವರುಷದ ಕ್ರಿಸ್ಮಸ್ಸಿಗೆ ಬರಬೇಕಾಗಿದ್ದ ಆ ಗ್ರಂಥವು ಬಂದದ್ದು 1765ರಲ್ಲಿ. ಅಷ್ಟರೊಳಗೆ ಕವಿಯೊಬ್ಬನು ಈ ವಿಳಂಬವನ್ನು ಬಹಿರಂಗವಾಗಿ ಅಣಕಿಸಿಯೂ ಆಗಿತ್ತು.

ಜಾನ್ಸನನ ಈ ದೀರ್ಘಸೂತ್ರತೆಗೆ ಇನ್ನೊಂದು ಮುಖವೂ ಉಂಟು. 1750ರಿಂದ 1752ರ ವರೆಗೆ ಆತನು ‘ರಾಂಬ್ಲರ್’ ಎಂಬ ಪತ್ರಿಕೆಯನ್ನು ವಾರಕ್ಕೆರಡು ಸಾರಿ, ಮಂಗಳವಾರ ಮತ್ತು ಶನಿವಾರಗಳಲ್ಲಿ, ತಪ್ಪದೆ ಹೊರಡಿಸಿದನು. ಒಟ್ಟು 208 ಸಂಚಿಕೆಗಳು ಹೊರಟವು. ಅವುಗಳಲ್ಲಿ ಕೆಲವನ್ನು ಬಿಟ್ಟರೆ ಉಳಿದವೆಲ್ಲವೂ ಆತನ ಕೈಯವೇ. ಅಚ್ಚುಕೂಟದ ಹುಡುಗನು ಬಾಗಿಲಲ್ಲಿ ನಿಂತು ಕಾಯುತ್ತಿದ್ದರೆ ಆತನ ಲೇಖನಿಯು ಓಡುತ್ತಿತ್ತು. 1751ನೆಯ ಜೂನ್ ತಿಂಗಳ ಒಂದು ಸಂಚಿಕೆಯ ವಿಷಯವೇ ಕಾಲಹರಣವು. ಯಾವ ವಿಷಯವನ್ನು ಆರಿಸಲೆಂದು ಯೋಚಿಸುತ್ತ ಯೋಚಿಸುತ್ತ ಕುಳಿತಿದ್ದು, ಅಚ್ಚುಕೂಟದ ಕರೆ ಬಂದ ಮೇಲೆ ಎಚ್ಚತ್ತು, ಆ ಕಾಲಹರಣವನ್ನೇ ಲೇಖನದ ವಿಷಯವಾಗಿ ಮಾಡಿಕೊಂಡನು! 1759ರಲ್ಲಿ ವೃದ್ಧ ತಾಯಿಯು ತೀರಿಕೊಂಡಾಗ ಉತ್ತರಕ್ರಿಯೆಯ ವೆಚ್ಚಕ್ಕಾಗಿ ಒಂದೇ ವಾರದ ಸಂಜೆಗಳಲ್ಲಿ ‘ರಾಸೆಲಸ್’ ಎಂಬ ಕಥೆಯನ್ನು ಬರೆದು ಮುಗಿಸಿದನೆಂದು ಆತನ ಮಿತ್ರರು ಹೇಳಿದ್ದಾರೆ. ಇದರಿಂದ ತಿಳಿಯುವದೇನಂದರೆ, ಕೆಲಸವು ಚಿಕ್ಕದಾಗಿ, ಗಡುವು ಹತ್ತಿರವಾಗಿ, ಕಾಯುವವನೊಬ್ಬನು ಎದುರಿಗಿದ್ದರೆ ಆತನು ತಡಮಾಡುತ್ತಿರಲಿಲ್ಲ. ಕೆಲಸವು ದೊಡ್ಡದಾಗಿ, ಗಡುವು ದೂರವಾಗಿ, ತಾನೊಬ್ಬನೇ ಅದಕ್ಕೆ ಹೊಣೆಯಾದಾಗ ಮಾತ್ರ ‘ನಾಳೆ’ ಎಂಬ ಮಾತು ಬರುತ್ತಿತ್ತು.

ಇನ್ನು ದೇವಾರಾಧನೆಯ ಪುಸ್ತಕದ ಸಂಗತಿಗೆ ಬರೋಣ. 1784ನೆಯ ಜೂನ್ ತಿಂಗಳಲ್ಲಿ ಜಾನ್ಸನನು ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿನಲ್ಲಿ ಅದರ ಅಧ್ಯಕ್ಷನಾದ ಡಾಕ್ಟರ್ ಆಡಮ್ಸನ ಅತಿಥಿಯಾಗಿದ್ದನು. ಯೌವನದಲ್ಲಿ ಆತನು ಓದಲು ಸೇರಿ, ಹಣವಿಲ್ಲದೆ ಬಿಟ್ಟುಹೋದ ಕಾಲೇಜೇ ಅದು. ಕುಟುಂಬಗಳಿಗೆ ಉಪಯೋಗವಾಗುವಂಥ ಪ್ರಾರ್ಥನೆಗಳ ಪುಸ್ತಕವೊಂದನ್ನು ಬರೆದುಕೊಡಬೇಕೆಂದು ಆಡಮ್ಸನು ಬೇಡಿಕೊಂಡನು. ತನ್ನ ಮನಸ್ಸಿನಲ್ಲಿಯೂ ಆ ಯೋಚನೆಯಿತ್ತೆಂದು ಜಾನ್ಸನನು ಹೇಳಿದನು. ಸಿಕ್ಕುವ ಪ್ರಾರ್ಥನಾಪುಸ್ತಕಗಳನ್ನೆಲ್ಲ ಕೂಡಿಸಿ, ಒಳ್ಳೆಯವುಗಳನ್ನು ಆಯ್ದು, ತನ್ನವು ಕೆಲವನ್ನು ಸೇರಿಸಿ, ಪ್ರಾರ್ಥನೆಯನ್ನು ಕುರಿತು ಒಂದು ಪ್ರಬಂಧವನ್ನು ಮುಂದಿಡಬೇಕೆಂಬದೇ ಆತನ ಯೋಚನೆಯಾಗಿತ್ತು. ಆಗ ಅಲ್ಲಿದ್ದವರೆಲ್ಲರೂ ಆತನನ್ನು ಸುತ್ತುವರಿದು ಹಾಗೆಯೇ ಮಾಡಬೇಕೆಂದು ಒತ್ತಾಯಿಸಿದರು. ಆ ವೃದ್ಧನು ಬಹಳವಾಗಿ ಕಳವಳಗೊಂಡನು. ಅಷ್ಟು ಗಂಭೀರವಾದ ವಿಷಯವನ್ನು ಹೀಗೆ ಮಾತಾಡಬೇಡಿರೆಂದೂ, ದೇವರು ತನಗೆ ಇನ್ನೆಷ್ಟು ಕಾಲ ಕೊಡುವನೋ ತಿಳಿಯದೆಂದೂ ಹೇಳಿ, ತನ್ನನ್ನು ಬಿಟ್ಟುಬಿಡಬೇಕೆಂದು ಬೇಡಿ, ಮುಖವನ್ನು ಎರಡು ಕೈಗಳಿಂದ ಮುಚ್ಚಿಕೊಂಡು ಮೇಜಿನ ಮೇಲೆ ಬಾಗಿ ಸ್ವಲ್ಪ ಹೊತ್ತು ಹಾಗೆಯೇ ಇದ್ದನು. ಅಲ್ಲಿಯೇ ಇದ್ದ ಬಾಸ್ವೆಲನು ಇದನ್ನು ಆತನ ಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಅದೇ ವರುಷದ ಡಿಸೆಂಬರ್ 13ರಂದು ಜಾನ್ಸನನು ಮರಣಹೊಂದಿದನು. ಆತನು ಯೋಚಿಸಿದ್ದ ಆ ಪುಸ್ತಕವು ಬರೆಯಲ್ಪಡಲಿಲ್ಲ.

ಇಷ್ಟು ಭಕ್ತನೂ ಇಷ್ಟು ಸಮರ್ಥನೂ ಆದವನನ್ನು ತಡೆದದ್ದು ಯಾವದು? ನನಗೆ ತೋರುವ ಮಟ್ಟಿಗೆ ಮೂರು ಕಾರಣಗಳುಂಟು. ಮೂರೂ ನಮ್ಮಲ್ಲಿಯೂ ಉಂಟು.

ಮೊದಲನೆಯದು ಯೋಜನೆಯ ದೊಡ್ಡತನ. ಇರುವ ಪುಸ್ತಕಗಳನ್ನೆಲ್ಲ ಓದಿದ ಮೇಲೆಯೇ ಬರೆಯಬೇಕೆಂದರೆ ಆ ಓದಿಗೆ ಕೊನೆಯೇ ಇಲ್ಲ. ನನ್ನ ಹನ್ನೆರಡು ಅಧ್ಯಾಯಗಳ ಪಟ್ಟಿಯೂ ಇದೇ ಬಗೆಯದು. ಪಟ್ಟಿಯನ್ನು ಬರೆದ ದಿನವೇ ಅರ್ಧ ಪುಸ್ತಕವು ಮುಗಿದಂಥ ತೃಪ್ತಿ ಬಂದುಬಿಟ್ಟಿತು.

ಎರಡನೆಯದು ವಿಷಯದ ಘನತೆ. ದೇವರ ಮಹಿಮೆಯು ಮನುಷ್ಯನ ಕಾವ್ಯಾಲಂಕಾರಕ್ಕೆ ಮೀರಿದ್ದು, ಆದ್ದರಿಂದ ಭಕ್ತಿಕಾವ್ಯವು ಸಾಮಾನ್ಯವಾಗಿ ಸಫಲವಾಗದು ಎಂಬದು ಜಾನ್ಸನನು ಕವಿಗಳ ಚರಿತ್ರೆಗಳಲ್ಲಿ ಪ್ರತಿಪಾದಿಸಿದ ಅಭಿಪ್ರಾಯ. ಇದರಲ್ಲಿ ಸತ್ಯವುಂಟು. ಆದರೆ ಯೋಗ್ಯವಾದ ಮಾತು ಸಿಕ್ಕುವ ತನಕ ಬಾಯಿ ತೆರೆಯಬಾರದೆಂದರೆ ಯಾವ ಸಭೆಯೂ ಹಾಡದು, ಯಾವ ಮಗುವೂ ಪ್ರಾರ್ಥಿಸದು.

ಮೂರನೆಯದು ತನ್ನ ಅಯೋಗ್ಯತೆಯ ಅರಿವು. ತಾನೇ ಸರಿಯಾಗಿ ಆರಾಧಿಸದವನು ಇತರರಿಗೆ ಆರಾಧನೆಯನ್ನು ಕುರಿತು ಹೇಗೆ ಬರೆಯಬೇಕು? ಜಾನ್ಸನನು ಪ್ರತಿ ಈಸ್ಟರ್ ಹಬ್ಬದಲ್ಲಿಯೂ ಕರ್ತನ ಭೋಜನಕ್ಕೆ ಮುಂಚೆ ತನ್ನ ನಡತೆಯನ್ನು ಪರೀಕ್ಷಿಸಿಕೊಂಡು, ಬೆಳಿಗ್ಗೆ ಬೇಗನೆ ಏಳುವೆನೆಂದೂ, ದೇವಾಲಯಕ್ಕೆ ತಪ್ಪದೆ ಹೋಗುವೆನೆಂದೂ, ಸತ್ಯವೇದವನ್ನು ಓದುವೆನೆಂದೂ ನಿಶ್ಚಯಿಸುತ್ತಿದ್ದನು. ಮುಂದಿನ ಈಸ್ಟರಿನಲ್ಲಿ ಅದೇ ನಿಶ್ಚಯಗಳು ಮುರಿದದ್ದನ್ನು ಕಂಡು ಮರುಗುತ್ತಿದ್ದನು. ಒಂದು ವರುಷ ಎಂಟು ಗಂಟೆಗೆ ಏಳುವ ನಿಶ್ಚಯವನ್ನು ಬರೆದು, ಅದು ಬೇಗನೆಯ ಹೊತ್ತಲ್ಲವಾದರೂ ಎಷ್ಟೋ ಸಾರಿ ಮಧ್ಯಾಹ್ನ ಎರಡು ಗಂಟೆಯ ವರೆಗೂ ಮಲಗಿರುವ ತನಗೆ ಬೇಗವೇ ಸರಿಯೆಂದು ಒಪ್ಪಿಕೊಂಡಿದ್ದಾನೆ. ತಲಾಂತನ್ನು ನೆಲದಲ್ಲಿ ಹೂಣಿಟ್ಟ ಆಳಿನ ಸಾಮ್ಯವು ಆತನನ್ನು ಬಹಳ ಹೆದರಿಸುತ್ತಿತ್ತು. ಕೆಲಸ ಮಾಡಲಾಗದ ರಾತ್ರಿಯನ್ನು ಕುರಿತು ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿರುವ ಮಾತನ್ನು ಆತನು ತನ್ನ ಕಿಸೆಯ ಗಡಿಯಾರದ ಮುಖದ ಮೇಲೆ ಗ್ರೀಕ್ ಅಕ್ಷರಗಳಲ್ಲಿ ಕೆತ್ತಿಸಿಕೊಂಡಿದ್ದನು. ಹೆದರಿಕೆಯು ಅಷ್ಟಿದ್ದರೂ ಪುಸ್ತಕವು ಹುಟ್ಟಲಿಲ್ಲ. ಹೆದರಿಕೆಯು ನಮ್ಮನ್ನು ಎಬ್ಬಿಸಬಲ್ಲದು. ಮೇಜಿನ ಮುಂದೆ ಕೂರಿಸಿ ಬರೆಯಿಸುವ ಶಕ್ತಿಯು ಅದಕ್ಕಿಲ್ಲ.

ಆದರೆ ಕಥೆಯು ಇಲ್ಲಿಗೆ ಮುಗಿಯಲಿಲ್ಲ. ಜಾನ್ಸನನು ಮರಣಕ್ಕೆ ಮುಂಚೆ ತನ್ನ ಕಾಗದಪತ್ರಗಳಲ್ಲಿ ಅನೇಕವನ್ನು ಸುಟ್ಟುಬಿಟ್ಟನು. ಆದರೂ ಕೆಲವು ಹಾಳೆಗಳನ್ನು ಮಿತ್ರನೂ ಬೋಧಕನೂ ಆದ ಜಾರ್ಜ್ ಸ್ಟ್ರಾಹನನ ಕೈಗೆ ಕೊಟ್ಟನು. 1738ರಿಂದ ಹಿಡಿದು ತನ್ನ ಹುಟ್ಟಿದ ದಿನಗಳಲ್ಲಿಯೂ, ಹೊಸ ವರುಷದ ದಿನಗಳಲ್ಲಿಯೂ, ಈಸ್ಟರಿನಲ್ಲಿಯೂ, 1752ರಲ್ಲಿ ಹೆಂಡತಿಯು ತೀರಿಕೊಂಡ ದುಃಖದಲ್ಲಿಯೂ ಬರೆದುಕೊಂಡ ಚಿಕ್ಕ ಚಿಕ್ಕ ಪ್ರಾರ್ಥನೆಗಳು ಅವುಗಳಲ್ಲಿದ್ದವು. ‘ರಾಂಬ್ಲರ್’ ಪತ್ರಿಕೆಯನ್ನು ಆರಂಭಿಸುವಾಗ ಬರೆದ ಪ್ರಾರ್ಥನೆಯೊಂದು, 1753ನೆಯ ಏಪ್ರಿಲಿನಲ್ಲಿ ನಿಘಂಟಿನ ಎರಡನೆಯ ಸಂಪುಟಕ್ಕೆ ಕೈಹಾಕುವಾಗ ಬರೆದದ್ದೊಂದು ಅಲ್ಲಿವೆ. ಸ್ಟ್ರಾಹನನು 1785ರಲ್ಲಿ ಇವನ್ನು ‘ಪ್ರಾರ್ಥನೆಗಳು ಮತ್ತು ಧ್ಯಾನಗಳು’ ಎಂಬರ್ಥದ ಹೆಸರಿನಿಂದ ಅಚ್ಚು ಹಾಕಿಸಿದನು. ಕೈಬರಹದ ಹಾಳೆಗಳು ಅದೇ ಪೆಂಬ್ರೋಕ್ ಕಾಲೇಜಿಗೆ ಸೇರಿದವು.

ಓದುಗರೇ, ಇಲ್ಲಿರುವ ಸೋಜಿಗವನ್ನು ನೋಡಿರಿ. ಬರೆಯಲಿಲ್ಲವೆಂದು ಮೇಜಿನ ಮೇಲೆ ತಲೆಬಾಗಿಸಿದವನು ನಾಲ್ವತ್ತಾರು ವರುಷಗಳಿಂದ ಒಂದೊಂದು ಹಾಳೆಯಾಗಿ ಅದನ್ನು ಬರೆಯುತ್ತಲೇ ಇದ್ದನು. ಪುಸ್ತಕವೆಂದು ಎಣಿಸಿದ್ದು ನಿಂತುಹೋಯಿತು. ಆ ದಿನದ ಅಗತ್ಯಕ್ಕೆಂದು ದೇವರ ಮುಂದೆ ಬರೆದದ್ದು ಪುಸ್ತಕವಾಯಿತು. ಎಲ್ಲ ಪ್ರಾರ್ಥನೆಗಳನ್ನು ಆಯ್ದು ಪ್ರಬಂಧವನ್ನು ಮುಂದಿಟ್ಟಿದ್ದರೆ ಅದು ಪಂಡಿತರ ಗ್ರಂಥವಾಗುತ್ತಿತ್ತು. ಈಗ ಉಳಿದಿರುವದು ಎದ್ದು ಬಿದ್ದು ಮತ್ತೆ ಏಳುವ ಒಬ್ಬ ಮನುಷ್ಯನ ಆರಾಧನೆ. ನನಗೆ ಇದರಿಂದ ತಿಳಿದ ಪಾಠವು ಇಷ್ಟೇ: ದೇವಾರಾಧನೆಯ ಪುಸ್ತಕವನ್ನು ದೇವಾರಾಧನೆಯ ರೀತಿಯಲ್ಲಿಯೇ ಬರೆಯಬೇಕು, ಅಂದರೆ ಗೊತ್ತಾದ ಹೊತ್ತಿನಲ್ಲಿ, ಆ ದಿನ ಕೈಯಲ್ಲಿರುವದನ್ನು ತಂದು ಅರ್ಪಿಸುತ್ತ ಬರೆಯಬೇಕು.

ಈ ರೀತಿಯಲ್ಲಿ ತಿಳಿದೇ ಬರೆದವನು ಐಸಾಕ್ ವಾಟ್ಸ್ ಎಂಬ ಬೋಧಕನು. ಆತನು 1674ರಲ್ಲಿ ಸೌತ್ಯಾಂಪ್ಟನ್ ಊರಿನಲ್ಲಿ ಹುಟ್ಟಿದನು. ಇಪ್ಪತ್ತು ವರುಷದವನಾಗಿ ವಿದ್ಯಾಭ್ಯಾಸ ಮುಗಿಸಿ ಮನೆಗೆ ಬಂದಾಗ, ಸಭೆಯಲ್ಲಿ ಹಾಡುತ್ತಿದ್ದ ಪದಗಳು ರುಚಿಯಿಲ್ಲದವುಗಳೆಂದು ತಂದೆಯೊಡನೆ ದೂರಿದನಂತೆ. ಹಾಗಾದರೆ ನೀನೇ ಉತ್ತಮವಾದದ್ದನ್ನು ಮಾಡಿಕೊಡು ಎಂದು ತಂದೆಯು ಹೇಳಲು, ಮಗನು ಮುಂದಿನ ಆರಾಧನೆಗೇ ಹೊಸ ಗೀತವೊಂದನ್ನು ತಂದನೆಂದೂ, ಆ ಮೇಲೆ ವಾರವಾರವೂ ತರುತ್ತಿದ್ದನೆಂದೂ ಹೇಳುತ್ತಾರೆ. ಅಲ್ಲಿದ್ದ ಸುಮಾರು ಎರಡು ವರುಷಗಳಲ್ಲಿ ಆತನ ಗೀತಗಳಲ್ಲಿ ಬಹಳಷ್ಟು ಹುಟ್ಟಿದವು. ಅಚ್ಚುಹಾಕಿಸುವದಕ್ಕೆ ಆತನೂ ತಡಮಾಡಿದನು. 1700ರಲ್ಲಿ ತಮ್ಮನಾದ ಈನಕನು ಪತ್ರ ಬರೆದು ಒತ್ತಾಯಿಸಿದರೂ ಪುಸ್ತಕವು ಹೊರಟದ್ದು 1707ರಲ್ಲಿ. ಆದರೆ ಗೀತಗಳು ಮುಂಚೆಯೇ ಬರೆಯಲ್ಪಟ್ಟಿದ್ದರಿಂದ ತಡವು ಅವುಗಳನ್ನು ಕೊಲ್ಲಲಿಲ್ಲ. ಮುಂದೆ ಬಹುಕಾಲ ರೋಗಿಯಾಗಿದ್ದರೂ ಆತನು 1715ರಲ್ಲಿ ಮಕ್ಕಳಿಗಾಗಿ ಗೀತಗಳನ್ನೂ, 1719ರಲ್ಲಿ ದಾವೀದನ ಕೀರ್ತನೆಗಳ ಹೊಸ ರೂಪವನ್ನೂ ಪ್ರಕಟಿಸಿದನು. ಕವಿಗಳ ಚರಿತ್ರೆಯಲ್ಲಿ ಈತನನ್ನು ಸೇರಿಸಬೇಕೆಂದು ಪ್ರಕಾಶಕರಿಗೆ ಸೂಚಿಸಿದವನು ಜಾನ್ಸನನೇ! ಪಂಡಿತನಾದರೂ ಮಕ್ಕಳ ಮಟ್ಟಕ್ಕೆ ಇಳಿದು ಬರೆದನೆಂದು ಆತನು ವಾಟ್ಸನನ್ನು ಮನಃಪೂರ್ವಕವಾಗಿ ಕೊಂಡಾಡಿದನು.

ಈಗ ಬರೆಯಬೇಕೆಂಬ ಮನಸ್ಸುಳ್ಳ ಸಹೋದರಿಯರಿಗೆ ಉಪಯೋಗವಾಗುವ ಕೆಲವು ಮಾತುಗಳನ್ನು ಹೇಳುತ್ತೇನೆ.

ಹನ್ನೆರಡು ಅಧ್ಯಾಯಗಳನ್ನು ನೀವೇ ಕಲ್ಪಿಸಬೇಕಾದ್ದಿಲ್ಲ. ನಮ್ಮ ಆರಾಧನೆಯ ಕ್ರಮದಲ್ಲಿಯೇ ಪುಸ್ತಕದ ಕ್ರಮವಿದೆ. ದೇವರ ಸನ್ನಿಧಿಗೆ ಕರೆ, ಪಾಪದ ಅರಿಕೆ, ಸ್ತೋತ್ರ, ವಾಕ್ಯದ ಪಾಠ, ಇತರರಿಗಾಗಿ ಬೇಡಿಕೆ, ಕಾಣಿಕೆ, ಆಶೀರ್ವಚನ ಎಂಬ ಏಳು ಭಾಗಗಳನ್ನು ಚಿಕ್ಕಂದಿನಿಂದ ಬಲ್ಲೆವು. ನಿಮ್ಮ ಮನೆಯಲ್ಲಿ ಅವುಗಳಲ್ಲಿ ಯಾವದು ಜೀವದಿಂದಿದೆಯೋ ಅದರಿಂದಲೇ ಆರಂಭಿಸಿರಿ.

ವಾರಕ್ಕೊಂದು ಹೊತ್ತನ್ನು ಗೊತ್ತುಮಾಡಿ, ಅದು ಅರ್ಧಗಂಟೆಯಾದರೂ ಸರಿ, ಆ ಹೊತ್ತಿಗೆ ಕುಳಿತುಬಿಡಿರಿ. ಮನಸ್ಸು ಹದಕ್ಕೆ ಬರಲೆಂದು ಕಾಯಬೇಕಾದ್ದಿಲ್ಲ, ಹಟ ಹಿಡಿದು ಕುಳಿತರೆ ಯಾವಾಗಲಾದರೂ ಬರೆಯಬಹುದೆಂಬದು ಆ ಜಾನ್ಸನನದೇ ಅಭಿಪ್ರಾಯವಾಗಿತ್ತು. ಮನಸ್ಸು ಬಂದಾಗ ಮಾತ್ರ ದೇವಾಲಯಕ್ಕೆ ಹೋಗುವವಳು ಕ್ರಮೇಣ ಹೋಗುವದನ್ನೇ ಬಿಡುತ್ತಾಳೆ, ಬರವಣಿಗೆಯೂ ಹಾಗೆಯೇ. ವಾರಕ್ಕೆ ಒಂದೇ ಪುಟವಾದರೂ ವರುಷಕ್ಕೆ 52 ಪುಟಗಳಾಗುವವು. ಹನಿಹನಿ ಕೂಡಿದರೆ ಹಳ್ಳವೆಂಬ ಗಾದೆಯು ಮಸಿಯ ಹನಿಗೂ ಸಲ್ಲುವದು.

ಕಾಯುವವರೊಬ್ಬರನ್ನು ಹುಡುಕಿಕೊಳ್ಳಿರಿ. ಜಾನ್ಸನನಿಗೆ ಅಚ್ಚುಕೂಟದ ಹುಡುಗನೂ ವಾಟ್ಸನಿಗೆ ಭಾನುವಾರದ ಸಭೆಯೂ ಇದ್ದಂತೆ, ನಿಮಗೆ ಶಾಲೆಯ ಗೆಳತಿಯೊಬ್ಬಳಿರಲಿ. ಶನಿವಾರ ಪುಟವು ಬಾರದಿದ್ದರೆ ಅವಳು ಕೇಳಲಿ.

ಮೊದಲನೆಯ ಕರಡು ಕೆಟ್ಟದಾಗಿಯೇ ಇರಲಿ. ಬಲಿಪೀಠಕ್ಕೆ ಎರಡು ಪಾರಿವಾಳಗಳನ್ನು ತರುವ ಬಡವರಿಗೂ ಮೋಶೆಯ ಧರ್ಮಶಾಸ್ತ್ರದಲ್ಲಿ ಸ್ಥಳವಿತ್ತು. ಬರೆಯುವದಕ್ಕೆ ಮುಂಚೆ ಜಾನ್ಸನನಂತೆ ಪ್ರಾರ್ಥಿಸಿರಿ. ಆದರೆ ಇನ್ನೂ ಪ್ರಾರ್ಥಿಸುತ್ತಿದ್ದೇನೆಂದು ಹೇಳಿ ಲೇಖನಿಯನ್ನು ಮುಟ್ಟದಿರುವದು ಭಕ್ತಿಯ ವೇಷ ಹಾಕಿದ ವಿಳಂಬವೇ ಆಗಿದೆ. ಒಂದು ವಾರ ತಪ್ಪಿದರೆ ಅದನ್ನು ಅರಿಕೆಮಾಡಿ ಮುಂದಿನ ವಾರ ಕುಳಿತುಕೊಳ್ಳಿರಿ. ಅಷ್ಟು ನಿಶ್ಚಯಗಳು ಮುರಿದರೂ ಜಾನ್ಸನನು ಮತ್ತೆ ನಿಶ್ಚಯಿಸುವದನ್ನು ಬಿಡಲಿಲ್ಲ. ನಿರಾಶೆಯೇ ದೊಡ್ಡ ಪಾಪವೆಂದು ತಿಳಿದಿದ್ದನು.

ಎಲ್ಲ ತಡವೂ ದೋಷವಲ್ಲವೆಂಬದನ್ನೂ ಹೇಳಬೇಕು. ಎಳೆಯ ಕೂಸುಳ್ಳ ತಾಯಿಯೂ, ರೋಗಿಗಳ ಸೇವೆ ಮಾಡುವ ಮಗಳೂ ಬರೆಯಲಿಲ್ಲವೆಂದು ನೊಂದುಕೊಳ್ಳಬಾರದು. ಅವರ ಸೇವೆಯೇ ಆರಾಧನೆ. ಹಣ್ಣು ಮಾಗುವದಕ್ಕೆ ಕಾಲ ಬೇಕು. ಮಾಗುವಿಕೆಗೂ ಕಾಲಹರಣಕ್ಕೂ ಇರುವ ಭೇದವನ್ನು ತಿಳಿಯುವದು ಸುಲಭ: ಮಾಗುತ್ತಿರುವ ಪುಸ್ತಕಕ್ಕೆ ಒಂದು ಟಿಪ್ಪಣಿಯೋ, ಕೇಳಿದ ಒಂದು ಮಾತೋ ಆಗಾಗ್ಗೆ ಬಂದು ಸೇರುತ್ತದೆ, ಹರಣವಾಗುತ್ತಿರುವ ಪುಸ್ತಕಕ್ಕೆ ಮುಂದೂಡಿದ ತಾರೀಖು ಮಾತ್ರ ಸೇರುತ್ತದೆ.

ನನ್ನ ಪುಸ್ತಕದ ಮೂರನೆಯ ಪುಟವು ಈಗ ಬರಿದಾಗಿಲ್ಲ. ಹನ್ನೆರಡು ಅಧ್ಯಾಯಗಳ ಪಟ್ಟಿಗೆ ಅಡ್ಡಗೆರೆ ಎಳೆದು, ಪ್ರತಿ ಶನಿವಾರ ಸಂಜೆ ತಾಯಿಯವರ ಪ್ರಾರ್ಥನೆಗಳಲ್ಲಿ ನೆನಪಿಗೆ ಬರುವದನ್ನು ಬರೆಯುತ್ತಿದ್ದೇನೆ. ನಾನು ಮರೆತದ್ದನ್ನು ಅಕ್ಕನು ನೆನಪುಮಾಡಿಕೊಡುತ್ತಾಳೆ. ಸುಳ್ಳು ಹೇಳಿದ ತಮ್ಮನು, ತನ್ನ ಹೆಸರು ಬಂದ ಪ್ರಾರ್ಥನೆಯನ್ನು ಒಂದು ಮಾತೂ ಬಿಡದೆ ಒಪ್ಪಿಸಿದನು. ಹೋದದ್ದು ಹೆಚ್ಚು, ಉಳಿದದ್ದು ಸ್ವಲ್ಪ. ಅವರಿದ್ದಾಗಲೇ ವಾರಕ್ಕೊಂದು ಪುಟ ಬರೆದಿದ್ದರೆ ಎಂಬ ನೋವು ಹೋಗುವದಿಲ್ಲ.

ಈ ಸಂಚಿಕೆಯನ್ನು ಓದುವ ನಿಮ್ಮಲ್ಲಿ ಅನೇಕರ ತಾಯಿಯವರೋ ಅಜ್ಜಿಯವರೋ ಇನ್ನೂ ನಿಮ್ಮ ಸಂಗಡ ಇರುವರು. ಇಂದು ಸಂಜೆ ಅವರು ಮಾಡುವ ಪ್ರಾರ್ಥನೆಯನ್ನು ಗಮನವಿಟ್ಟು ಕೇಳಿ, ಮಲಗುವದಕ್ಕೆ ಮುಂಚೆ ಒಂದು ಹಾಳೆಯಲ್ಲಿ ಬರೆದಿಡಿರಿ. ಪುಸ್ತಕದ ಮಾತು ಆ ಮೇಲೆ. ಮೊದಲು ಬಾಗಿಲಿನ ಮೇಲಿರುವ ಆ ಎರಡು ಮಾತುಗಳನ್ನು ಅಳಿಸಿಬಿಡಿರಿ.